‘ದೇವಸ್ಥಾನದ ಹತ್ತಿರ ಬಿಟ್ಟರೆ ಬದುಕಿಕೊಳ್ಳುತ್ತೆ’: ಸಾಕಿದ ನಾಯಿಯನ್ನು ಬಿಟ್ಟು ಬರುವ ಮುನ್ನ ಇದನ್ನು ಓದಿ

ಮನೆಯ ನಾಯಿ ಆರು ಮರಿ ಹಾಕಿದೆ. ಎರಡು ಗಂಡು ಮರಿಗಳನ್ನು ಅಕ್ಕಪಕ್ಕದವರು ಕೇಳಿ ಒಯ್ದರು. ಉಳಿದ ನಾಲ್ಕೂ ಹೆಣ್ಣು, ಯಾರಿಗೂ ಬೇಡ. ಒಂದೂವರೆ ತಿಂಗಳು ಕಳೆದ ಮೇಲೆ ಒಂದು ಸಂಜೆ ಅವು ಗೋಣಿಚೀಲ ಸೇರುತ್ತವೆ. ಬೈಕ್ ನಿಲ್ಲುವುದು ಸಂತೆಮಾಳದಲ್ಲಿ, ಬಸ್ ನಿಲ್ದಾಣದ ಹಿಂದೆ, ಇಲ್ಲವೇ ಯಾವುದಾದರೂ ದೇವಸ್ಥಾನದ ಬೆಟ್ಟದ ಬುಡದಲ್ಲಿ. ‘ಜನ ಬರ್ತಾ ಇರ್ತಾರೆ, ಪ್ರಸಾದ ತಿಂದ್ಕೊಂಡು ಬದುಕ್ಕೊಳ್ತವೆ ಬಿಡು’ ಎಂದು ಸಮಾಧಾನ ಹೇಳಿಕೊಂಡು ವಾಪಸ್ ಬರುತ್ತೇವೆ.

ನಗರದಲ್ಲಿ ಇದೇ ಕಥೆ ಕಾರಿನಲ್ಲಿ ನಡೆಯುತ್ತದೆ. ಮರಿಯಾಗಿದ್ದಾಗ ಮುದ್ದಾಗಿದ್ದ ಹಸ್ಕಿ ಅಥವಾ ಲ್ಯಾಬ್ರಡಾರ್ ದೊಡ್ಡದಾಗುತ್ತದೆ, ಖರ್ಚು ಹೆಚ್ಚುತ್ತದೆ, ಮನೆ ಬದಲಾಗುತ್ತದೆ. ಒಂದು ದಿನ ಹೆದ್ದಾರಿ ಬದಿಯಲ್ಲಿ ಕಾರಿನ ಬಾಗಿಲು ತೆರೆದು ಮುಚ್ಚುತ್ತದೆ.

ಬಿಟ್ಟು ಬಂದ ನಾಯಿ ನಿಜಕ್ಕೂ ಬದುಕಿಕೊಳ್ಳುತ್ತದೆಯೇ? ಆಶ್ರಯ ಕೇಂದ್ರಗಳು ಇವನ್ನೆಲ್ಲ ಸಾಕಬಲ್ಲವೇ? ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ವಾಟ್ಸಾಪ್‌ನಲ್ಲಿ ಬರುವ ಮಾತುಗಳಲ್ಲಿ ಎಷ್ಟು ಸತ್ಯ? ಒಂದೊಂದಾಗಿ ನೋಡೋಣ.

ನಂಬಿಕೆ 1: ಜನ ಬರುವ ಜಾಗದಲ್ಲಿ ಬಿಟ್ಟರೆ ಊಟಕ್ಕೆ ತೊಂದರೆಯಿಲ್ಲ

ಮಂಡ್ಯ ಜಿಲ್ಲೆಯ ಮೇಲುಕೋಟೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ವೈರಮುಡಿ ಉತ್ಸವದ ರಾತ್ರಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದೇ ಊರಿನಲ್ಲಿ ಒಂದು ಮಂಗಳವಾರ ಮಧ್ಯಾಹ್ನ ಕಲ್ಯಾಣಿಯ ಮೆಟ್ಟಿಲ ಮೇಲೆ ಬೆರಳೆಣಿಕೆಯ ಜನ ಕಂಡರೆ ಹೆಚ್ಚು. ಯಾತ್ರಾಸ್ಥಳದ ಅನ್ನ ಹೀಗೆ ಏರುಪೇರಿನದು. ಅದನ್ನೇ ನಂಬಿದ ನಾಯಿಯ ಹೊಟ್ಟೆಯೂ ಹಾಗೆಯೇ. ಜೊತೆಗೆ ಅಲ್ಲಿ ಮೊದಲೇ ಇರುವ ನಾಯಿಗಳು ತಮ್ಮ ಗಡಿ ಗುರುತಿಸಿಕೊಂಡಿರುತ್ತವೆ. ಹೊಸದಾಗಿ ಬಂದ ಮನೆಯ ನಾಯಿಗೆ ಜಗಳವಾಡಿ ಜಾಗ ಹಿಡಿಯುವುದೂ ಗೊತ್ತಿಲ್ಲ, ವಾಹನಕ್ಕೆ ಹೆದರಿ ಸರಿಯುವುದೂ ಗೊತ್ತಿಲ್ಲ. ಇನ್ನು ಪ್ರಸಾದವೆಲ್ಲ ನಾಯಿಗೆ ಒಗ್ಗುವುದಿಲ್ಲ. ಸಕ್ಕರೆ ಪೊಂಗಲ್‌ನಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು.

ಮರಿಗಳ ಸ್ಥಿತಿ ಇನ್ನೂ ಕಷ್ಟ. ಕೋಲ್ಕತ್ತಾದ ಐಸರ್ ಸಂಸ್ಥೆಯ ಸಂಶೋಧಕರು ಪಶ್ಚಿಮ ಬಂಗಾಳದಲ್ಲಿ 95 ಸೂಲುಗಳ 364 ಬೀದಿ ನಾಯಿಮರಿಗಳನ್ನು ಹಿಂಬಾಲಿಸಿ ನೋಡಿದರು. 2016ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಏಳು ತಿಂಗಳ ವಯಸ್ಸು ದಾಟಿದ್ದು ಶೇ 19ರಷ್ಟು ಮರಿಗಳು ಮಾತ್ರ. ಸತ್ತವುಗಳಲ್ಲಿ ಶೇ 63ರಷ್ಟು ಸಾವಿಗೆ ನೇರವಾಗಿಯೋ ಪರೋಕ್ಷವಾಗಿಯೋ ಮನುಷ್ಯರೇ ಕಾರಣ. ತಾಯಿ ಜೊತೆಗಿದ್ದ ಮರಿಗಳ ಲೆಕ್ಕ ಇದು. ಗೋಣಿಚೀಲದಲ್ಲಿ ಬಂದ ಮರಿಗೆ ತಾಯಿಯೂ ಇಲ್ಲ.

ನಂಬಿಕೆ 2: ಒಂದು ಹೆಣ್ಣು ನಾಯಿಯಿಂದ ಆರು ವರ್ಷಕ್ಕೆ 67,000 ನಾಯಿ

ಸಂತಾನಹರಣದ ಪರವಾಗಿಯೇ ಹಂಚಿಕೆಯಾಗುವ ಫಾರ್ವರ್ಡ್ ಇದು. ಉದ್ದೇಶ ಒಳ್ಳೆಯದು, ಆದರೆ ಲೆಕ್ಕ ತಪ್ಪು. ಹುಟ್ಟಿದ ಪ್ರತಿ ಮರಿಯೂ ಬದುಕುತ್ತದೆ, ಪ್ರತಿ ಹೆಣ್ಣು ಮರಿಯೂ ಬಿಡುವಿಲ್ಲದೆ ಮರಿ ಹಾಕುತ್ತದೆ ಎಂದುಕೊಂಡರೆ ಮಾತ್ರ ಇಂಥ ಸಂಖ್ಯೆ ಬರುತ್ತದೆ. ಮೇಲಿನ ಅಧ್ಯಯನದ ಪ್ರಮಾಣವನ್ನು ಹಚ್ಚಿ ನೋಡಿ. ಆರು ಮರಿ ಹುಟ್ಟಿದರೆ ದೊಡ್ಡದಾಗುವುದು ಸರಾಸರಿ ಒಂದು.

ಹಾಗಾದರೆ ಸಂತಾನಹರಣ ಬೇಡವೇ? ಬೇಕು. 67,000 ಎಂಬುದು ಸುಳ್ಳಾಗಲು ಕಾರಣ ಉಳಿದ ಐದು ಮರಿಗಳ ಸಾವು. ಹಸಿವು, ಕಾಯಿಲೆ, ಚಕ್ರದ ಅಡಿಯಲ್ಲಿ ಸಾಯಲೆಂದೇ ಹುಟ್ಟುವ ಮರಿಗಳನ್ನು ತಡೆಯಲು ದೊಡ್ಡ ಸಂಖ್ಯೆಯ ಭಯ ಬೇಕಾಗಿಲ್ಲ.

ನಂಬಿಕೆ 3: ಆಶ್ರಯ ಕೇಂದ್ರಗಳು ಇರುವುದೇ ಇದಕ್ಕಲ್ಲವೇ?

ಒಂದು ಸಣ್ಣ ಲೆಕ್ಕ ಹಾಕೋಣ. 100 ನಾಯಿಗಳಿಗೆ ಜಾಗವಿರುವ ಒಂದು ಕೇಂದ್ರದಲ್ಲಿ ಈಗ 60 ಇವೆ ಎಂದುಕೊಳ್ಳಿ. ತಿಂಗಳಿಗೆ 12 ನಾಯಿ ಬರುತ್ತವೆ, 5 ನಾಯಿಗಳನ್ನು ಯಾರಾದರೂ ದತ್ತು ಪಡೆಯುತ್ತಾರೆ. ಪ್ರತಿ ತಿಂಗಳು 7 ಉಳಿದವು. ಆರೇ ತಿಂಗಳಲ್ಲಿ ಕೇಂದ್ರ ತುಂಬಿತು. ನಾಯಿಯ ಆಯಸ್ಸು ಹತ್ತು ಹನ್ನೆರಡು ವರ್ಷ. ದತ್ತು ಹೋಗದ ನಾಯಿ ಅಷ್ಟೂ ವರ್ಷ ಅಲ್ಲೇ ಇರಬೇಕು. ಒಂದು ನಾಯಿಗೆ ದಿನಕ್ಕೆ 50 ರೂಪಾಯಿ ಖರ್ಚು ಎಂದು ಹಿಡಿದರೂ 100 ನಾಯಿಗಳಿಗೆ ತಿಂಗಳಿಗೆ ಒಂದೂವರೆ ಲಕ್ಷ. ಔಷಧಿ, ಕೆಲಸದವರ ಸಂಬಳ ಬೇರೆ.

ಜಾಗ ಕಿರಿದಾದಂತೆ ಕಾಯಿಲೆಯೂ ಬೇಗ ಹರಡುತ್ತದೆ. ಪಾರ್ವೋ, ಡಿಸ್ಟೆಂಪರ್ ಎಂಬ ವೈರಸ್ ರೋಗಗಳು ಒಂದು ಗೂಡಿಗೆ ಬಂದರೆ ಲಸಿಕೆಯಾಗದ ಮರಿಗಳು ಸಾಲು ಸಾಲಾಗಿ ಸಾಯುತ್ತವೆ. ‘ಚೆನ್ನಾಗಿ ನೋಡಿಕೊಳ್ಳುತ್ತಾರೆ’ ಎಂದು ಗೇಟಿನ ಮುಂದೆ ಕಟ್ಟಿಹಾಕಿ ಬಂದ ನಾಯಿಯೇ ಒಳಗಿನವಕ್ಕೆ ರೋಗ ತರಬಹುದು, ಅಥವಾ ಒಳಗಿನಿಂದ ರೋಗ ಪಡೆಯಬಹುದು.

ಊರಿನ ಎಲ್ಲ ನಾಯಿಗಳನ್ನೂ ಹಿಡಿದು ಒಳಗಿಡಿ ಎಂಬ ಒತ್ತಾಯಕ್ಕೂ ಇದೇ ಲೆಕ್ಕ ಅಡ್ಡ ಬರುತ್ತದೆ. 2023ರ ಗಣತಿಯಂತೆ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿಗಳಿದ್ದವು. ನೂರರಂತೆ ಇಟ್ಟರೂ 2,790 ಕೇಂದ್ರಗಳು ಬೇಕು. 2025ರ ಆಗಸ್ಟ್ 11ರಂದು ದೆಹಲಿ ಸುತ್ತಲಿನ ಬೀದಿ ನಾಯಿಗಳನ್ನೆಲ್ಲ ಆಶ್ರಯ ಕೇಂದ್ರಕ್ಕೆ ಸೇರಿಸಲು ಆದೇಶಿಸಿದ್ದ ಸುಪ್ರೀಂ ಕೋರ್ಟ್, ಆಗಸ್ಟ್ 22ರಂದು ಅದನ್ನು ಬದಲಿಸಿತು. ಸಂತಾನಹರಣ ಮತ್ತು ಲಸಿಕೆಯಾದ ನಾಯಿಗಳನ್ನು ಹಿಡಿದ ಜಾಗದಲ್ಲೇ ಬಿಡಬೇಕು, ರೇಬೀಸ್ ಇರುವ ಅಥವಾ ಆಕ್ರಮಣಕಾರಿ ನಾಯಿಗಳನ್ನು ಬಿಡಬಾರದು ಎಂದಿತು. ನವೆಂಬರ್ 7ರಂದು ಮತ್ತೊಂದು ಆದೇಶ ಬಂತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ಕೇಂದ್ರಗಳಿಗೆ ಸಾಗಿಸಬೇಕು, ಮರಳಿ ಅಲ್ಲೇ ಬಿಡಬಾರದು ಎಂಬುದು ಅದರ ಸಾರ. ಅಂದರೆ ಕೇಂದ್ರಗಳ ಮೇಲಿನ ಹೊರೆ ಇನ್ನೂ ಹೆಚ್ಚುತ್ತದೆ. ನಾವು ಬಿಟ್ಟು ಬರುವ ಸಾಕು ನಾಯಿಗೆ ಅಲ್ಲಿ ಜಾಗ ಇನ್ನೂ ಕಡಿಮೆ.

ನಂಬಿಕೆ 4: ಕೊಂದರೆ ಸಮಸ್ಯೆ ಮುಗಿಯಿತು

ಇದನ್ನು ಮಾಡಿ ನೋಡಲಾಗಿದೆ. 2007ರಲ್ಲಿ ಬೆಂಗಳೂರಿನಲ್ಲಿ ನಾಯಿ ದಾಳಿಗೆ ಮಕ್ಕಳು ಬಲಿಯಾದಾಗ ಜನರ ಸಿಟ್ಟು ನ್ಯಾಯವಾಗಿಯೇ ಇತ್ತು. ಆಗ ದೊಡ್ಡ ಸಂಖ್ಯೆಯಲ್ಲಿ ನಾಯಿಗಳನ್ನು ಹಿಡಿದು ಕೊಂದರು. ಹದಿನೆಂಟು ವರ್ಷಗಳ ನಂತರವೂ ನಾವು ಅದೇ ಚರ್ಚೆಯಲ್ಲಿದ್ದೇವೆ. ಕಾರಣ ಸರಳ. ಕಸ, ಮಾಂಸದಂಗಡಿಯ ತ್ಯಾಜ್ಯ ಹಾಗೆಯೇ ಇದ್ದರೆ, ಖಾಲಿಯಾದ ಜಾಗಕ್ಕೆ ಪಕ್ಕದ ಬೀದಿಯ ನಾಯಿಗಳು ಬರುತ್ತವೆ, ಉಳಿದವು ಮರಿ ಹಾಕುತ್ತವೆ.

ಇನ್ನೊಂದು ವಿಧಾನದ ಫಲವನ್ನೂ ನೋಡಿ. ಜೈಪುರದಲ್ಲಿ 1994ರಿಂದ 2002ರವರೆಗೆ ನಡೆದ ಕಾರ್ಯಕ್ರಮದಲ್ಲಿ ಸುಮಾರು ಶೇ 65ರಷ್ಟು ಹೆಣ್ಣು ನಾಯಿಗಳಿಗೆ ಸಂತಾನಹರಣ ಮತ್ತು ಲಸಿಕೆ ಆಯಿತು. ಆ ಪ್ರದೇಶದಲ್ಲಿ ನಾಯಿಗಳ ಸಂಖ್ಯೆ ಶೇ 28ರಷ್ಟು ಇಳಿಯಿತು, ಮನುಷ್ಯರಲ್ಲಿ ರೇಬೀಸ್ ಪ್ರಕರಣ ಇಲ್ಲವಾಯಿತು. ಬೆಂಗಳೂರಿನಲ್ಲಿ 2019ರಲ್ಲಿ ಸುಮಾರು ಶೇ 51ರಷ್ಟಿದ್ದ ಸಂತಾನಹರಣ ಪ್ರಮಾಣ 2023ಕ್ಕೆ ಸುಮಾರು ಶೇ 72ಕ್ಕೆ ಏರಿತು. ಬೀದಿ ನಾಯಿಗಳ ಸಂಖ್ಯೆ 3.10 ಲಕ್ಷದಿಂದ 2.79 ಲಕ್ಷಕ್ಕೆ ಇಳಿಯಿತು. 2009ರಿಂದ ಈ ಕೆಲಸ ಮಾಡಿದ ಪುಟ್ಟ ದೇಶ ಭೂತಾನ್, ತನ್ನ ಬೀದಿ ನಾಯಿಗಳಿಗೆಲ್ಲ ಸಂತಾನಹರಣ ಮುಗಿದಿದೆ ಎಂದು 2023ರಲ್ಲಿ ಘೋಷಿಸಿತು.

ಹಾಗೆಂದು ಇದು ಮಾಯಾಮಂತ್ರವಲ್ಲ. ಒಂದು ಪ್ರದೇಶದ ಬಹುಪಾಲು ನಾಯಿಗಳಿಗೆ ಬೇಗನೆ ಮಾಡಿದರೆ ಮಾತ್ರ ಫಲ. ಇಲ್ಲಿ ಹತ್ತು, ಅಲ್ಲಿ ಇಪ್ಪತ್ತು ಮಾಡಿದರೆ ದುಡ್ಡು ದಂಡ. ಸಂತಾನಹರಣವಾದ ನಾಯಿಯೂ ಕಚ್ಚಬಹುದು. ರೇಬೀಸ್ ತಡೆಯುವುದು ಲಸಿಕೆಯೇ ಹೊರತು ಶಸ್ತ್ರಚಿಕಿತ್ಸೆಯಲ್ಲ. ಎರಡೂ ಒಟ್ಟಿಗೆ ಆಗಬೇಕು. ಮತ್ತು ಮನೆಗಳಿಂದ ಹೊಸ ನಾಯಿಗಳು ಬೀದಿಗೆ ಬರುತ್ತಲೇ ಇದ್ದರೆ, ನಾಲೆಯ ನೀರು ಹರಿದು ಬರುತ್ತಿರುವ ಕೆರೆಯನ್ನು ಕೊಡದಲ್ಲಿ ಮೊಗೆದು ಬತ್ತಿಸಲು ಹೊರಟಂತೆ.

ನಂಬಿಕೆ 5: ಒಂದು ಸಲವಾದರೂ ಮರಿ ಹಾಕಬೇಕು, ಇಲ್ಲದಿದ್ದರೆ ನಾಯಿಗೆ ಒಳ್ಳೆಯದಲ್ಲ

ಒಂದು ಸೂಲು ಆದರೆ ಆರೋಗ್ಯ ಸುಧಾರಿಸುತ್ತದೆ ಎನ್ನಲು ಆಧಾರವಿಲ್ಲ. ಬದಲಿಗೆ, ಸಂತಾನಹರಣವಾಗದ ಹೆಣ್ಣು ನಾಯಿಗಳಲ್ಲಿ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಸಾಮಾನ್ಯ. ಸ್ವೀಡನ್ನಿನ ವಿಮೆ ದಾಖಲೆಗಳ ಅಧ್ಯಯನದಲ್ಲಿ, ಹತ್ತು ವರ್ಷದೊಳಗೆ ನಾಲ್ಕರಲ್ಲಿ ಸುಮಾರು ಒಂದು ಹೆಣ್ಣು ನಾಯಿಗೆ ಇದು ಬಂದಿತ್ತು. ಚಿಕಿತ್ಸೆ ತಡವಾದರೆ ಪ್ರಾಣ ಹೋಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯ, ಗರ್ಭಕೋಶ ತೆಗೆದರೆ ಈ ಭಯ ಬಹುಮಟ್ಟಿಗೆ ಇಲ್ಲ. ನಾಯಿಗಳು ಕೂಡುವಾಗ ಒಂದರಿಂದ ಇನ್ನೊಂದಕ್ಕೆ ಅಂಟುವ, ಜನನಾಂಗದ ಒಂದು ಬಗೆಯ ಗಡ್ಡೆ ರೋಗವೂ ನಮ್ಮ ಬೀದಿ ನಾಯಿಗಳಲ್ಲಿದೆ. ಕೂಡುವುದು ನಿಂತರೆ ಅದು ಹರಡುವುದೂ ಕಡಿಮೆ.

ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಸ್ತನದ ಗಡ್ಡೆ ಬರುವುದೇ ಇಲ್ಲ ಎಂಬ ಮಾತೂ ಹರಿದಾಡುತ್ತದೆ. ಅಪಾಯ ಕಡಿಮೆ ಎಂದು 1969ರ ಒಂದು ಅಧ್ಯಯನ ಹೇಳಿತ್ತು. ಆದರೆ 2012ರ ಮರುಪರಿಶೀಲನೆ ಅದಕ್ಕಿರುವ ಸಾಕ್ಷ್ಯ ದುರ್ಬಲ ಎಂದಿತು. ದೊಡ್ಡ ಗಾತ್ರದ ಕೆಲವು ತಳಿಗಳಲ್ಲಿ ತುಂಬ ಬೇಗ ಮಾಡಿಸಿದರೆ ಕೀಲಿನ ತೊಂದರೆ ಬರಬಹುದು ಎಂಬ ಅಧ್ಯಯನಗಳೂ ಇವೆ. ಆದ್ದರಿಂದ ನಾಯಿಯ ತಳಿ, ತೂಕ ನೋಡಿ ಯಾವ ವಯಸ್ಸಿನಲ್ಲಿ ಮಾಡಿಸಬೇಕೆಂದು ಪಶುವೈದ್ಯರನ್ನೇ ಕೇಳಿ.

ಮಾಡಿಸಿದರೆ ಕಾವಲು ಕಾಯುವುದಿಲ್ಲ, ದಪ್ಪಗಾಗಿ ಸೋಮಾರಿಯಾಗುತ್ತದೆ ಎನ್ನುವವರೂ ಇದ್ದಾರೆ. ಅಪರಿಚಿತರನ್ನು ಕಂಡು ಬೊಗಳುವುದು ನಾಯಿಯ ಸ್ವಭಾವ, ತರಬೇತಿಗೆ ಸೇರಿದ್ದು. ಅದು ಹೋಗುವುದಿಲ್ಲ. ತೂಕ ಹೆಚ್ಚಬಹುದು ಎಂಬುದು ನಿಜ, ಅದಕ್ಕೆ ಊಟ ಸ್ವಲ್ಪ ಕಡಿಮೆ ಮಾಡಿ, ಓಡಾಡಿಸಿ. ಗಂಡು ನಾಯಿ ಬೆದೆಯ ವಾಸನೆ ಹಿಡಿದು ಊರೂರು ಅಲೆಯುವುದು ಕಡಿಮೆಯಾಗುವುದರಿಂದ ಮನೆಯಲ್ಲೇ ಹೆಚ್ಚು ಇರುತ್ತದೆ.

ಬೆಟ್ಟದ ಆಚೆ ಯಾರಿದ್ದಾರೆ?

ಮೇಲುಕೋಟೆಯ ವಿಷಯದಲ್ಲಿ ಇನ್ನೊಂದು ಮಾತಿದೆ. ಅಲ್ಲಿನ ದೇವಸ್ಥಾನ ವನ್ಯಜೀವಿಧಾಮ 1974ರಲ್ಲಿ ಘೋಷಣೆಯಾಯಿತು. ಸುಮಾರು 50 ಚದರ ಕಿಲೋಮೀಟರ್ ವಿಸ್ತಾರದ ಈ ಕುರುಚಲು ಕಾಡು ತೋಳಗಳ ನೆಲೆಯೆಂದು ಹೆಸರಾದದ್ದು. ಬೆಟ್ಟದ ಬುಡದಲ್ಲಿ ಬಿಟ್ಟ ನಾಯಿಗೆ ಊರು ಎಲ್ಲಿ ಮುಗಿಯಿತು, ಧಾಮ ಎಲ್ಲಿ ಶುರುವಾಯಿತು ಎಂಬುದು ಗೊತ್ತಿಲ್ಲ.

ನಾಯಿ ಮತ್ತು ತೋಳ ಹತ್ತಿರದ ಬಂಧುಗಳು. ಡಿಸ್ಟೆಂಪರ್, ರೇಬೀಸ್ ಎರಡೂ ನಾಯಿಯಿಂದ ತೋಳಕ್ಕೆ ದಾಟುತ್ತವೆ. ಎರಡೂ ಕೂಡಿ ಮಿಶ್ರತಳಿಯ ಮರಿಗಳೂ ಹುಟ್ಟುತ್ತವೆ. ಪುಣೆಯ ಹತ್ತಿರ ಇಂಥ ಮಿಶ್ರತಳಿ ಇರುವುದಕ್ಕೆ 2023ರಲ್ಲಿ ವಂಶವಾಹಿ ಪರೀಕ್ಷೆಯ ಸಾಕ್ಷ್ಯ ಸಿಕ್ಕಿದೆ. 2018ರಲ್ಲಿ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಕೆಲವುದರಲ್ಲಿ ಪತ್ತೆಯಾದದ್ದು ಇದೇ ಡಿಸ್ಟೆಂಪರ್ ವೈರಸ್.

ಚಿರತೆಯದು ಇನ್ನೊಂದು ಕಥೆ. ಮಹಾರಾಷ್ಟ್ರದ ಅಕೋಲೆ ಭಾಗದ ಹಳ್ಳಿಗಳ ಸುತ್ತ ನಡೆದ ಅಧ್ಯಯನದಲ್ಲಿ ಚಿರತೆಯ ಆಹಾರದ ತೂಕದಲ್ಲಿ ಶೇ 39ರಷ್ಟು ನಾಯಿಯೇ ಆಗಿತ್ತು. ಪಾಂಡವಪುರ, ನಾಗಮಂಗಲ ಕಡೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆ ಕಾಣಿಸಿತೆಂದು ವಿಡಿಯೊ ಹಂಚುವ ನಾವು, ಊರಂಚಿಗೆ ನಾಯಿಮರಿ ಬಿಟ್ಟು ಬರುವುದೆಂದರೆ ಅದಕ್ಕೆ ಊಟವಿಟ್ಟು ಕರೆದಂತೆ ಎಂಬುದನ್ನು ಮರೆಯುತ್ತೇವೆ.

ಕಾನೂನು ಏನು ಹೇಳುತ್ತದೆ?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಸಕಾರಣವಿಲ್ಲದೆ ಪ್ರಾಣಿಯನ್ನು ಬಿಟ್ಟು ಹೋಗುವುದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಹೌದು, ಒಂದು ಪ್ಲೇಟ್ ಇಡ್ಲಿಯ ದುಡ್ಡು. ಅರವತ್ತು ವರ್ಷ ಹಿಂದಿನ ಮೊತ್ತ ಹಾಗೆಯೇ ಉಳಿದಿದೆ. ಆದರೆ ವಿಷವಿಟ್ಟು ಕೊಂದರೆ ವಿಷಯ ಬೇರೆ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಜೈಲಾಗಬಹುದು. ಬೀದಿ ನಾಯಿಗಳ ಸಂತಾನಹರಣ ಮತ್ತು ಲಸಿಕೆ 2023ರ ನಿಯಮಗಳಂತೆ ಸ್ಥಳೀಯ ಸಂಸ್ಥೆಯ ಹೊಣೆ. ಸಾಕು ನಾಯಿಯದು ಸಾಕಿದವರ ಹೊಣೆ.

ಗಾಳಿಸುದ್ದಿ, ಗೊಂದಲದ ಸುದ್ದಿ ಕೂಡ ನಾಯಿಗಳನ್ನು ಬೀದಿಗೆ ತಳ್ಳುತ್ತವೆ. 2020ರಲ್ಲಿ ‘ನಾಯಿ ಬೆಕ್ಕಿನಿಂದ ಕೊರೊನಾ’ ಎಂಬ ಆಧಾರವಿಲ್ಲದ ಫಾರ್ವರ್ಡ್ ನೋಡಿ ಸಾಕಿದವನ್ನು ಹೊರಹಾಕಿದವರಿದ್ದಾರೆ. 2024ರ ಮಾರ್ಚ್‌ನಲ್ಲಿ 23 ತಳಿಗಳ ನಿಷೇಧದ ಕೇಂದ್ರ ಸುತ್ತೋಲೆ ಬಂತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ‘ಈ ತಳಿ ಸಾಕಿದರೆ ಜೈಲು’ ಎಂಬ ಹಳೆಯ ಸಂದೇಶ ಈಗಲೂ ಬಂದರೆ ನಂಬಬೇಡಿ.

ನೀವು ಏನು ಮಾಡಬಹುದು?

ಮನೆಯ ನಾಯಿ, ಬೆಕ್ಕಿಗೆ ಆರು ತಿಂಗಳು ದಾಟುತ್ತಿದ್ದಂತೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಸಂತಾನಹರಣದ ಬಗ್ಗೆ ವಿಚಾರಿಸಿ. ರೇಬೀಸ್ ಲಸಿಕೆಯನ್ನು ತಪ್ಪದೆ ಹಾಕಿಸಿ, ಚೀಟಿ ಇಟ್ಟುಕೊಳ್ಳಿ. ಪಶು ಸಂಜೀವಿನಿಯ ಸಹಾಯವಾಣಿ 1962.

ಸಾಕಲು ಆಗುತ್ತಿಲ್ಲವೇ? ನಾಚಿಕೆ ಬೇಡ, ಆದರೆ ಕತ್ತಲಲ್ಲಿ ಬಿಟ್ಟು ಬರಬೇಡಿ. ನೆಂಟರು, ತೋಟದ ಮನೆಯವರನ್ನು ಕೇಳಿ, ಹೊಸ ಮನೆ ಸಿಗುವವರೆಗೆ ಇಟ್ಟುಕೊಳ್ಳಿ. ಸಂತಾನಹರಣವಾದ ಹೆಣ್ಣು ನಾಯಿಯನ್ನು ಕೊಡುವುದು ಸುಲಭ, ಏಕೆಂದರೆ ‘ಮರಿ ಹಾಕುತ್ತೆ’ ಎಂಬ ತಕರಾರೇ ಇರುವುದಿಲ್ಲ.

ಬೀದಿ ನಾಯಿಯ ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಕಂಡರೆ ಅದು ಗಾಯವಲ್ಲ, ಸಂತಾನಹರಣವಾದ ಗುರುತು. ನಿಮ್ಮ ಬೀದಿಯಲ್ಲಿ ಅಂಥ ಕಿವಿಗಳು ಎಷ್ಟಿವೆ ಎಂದು ಎಣಿಸಿ. ಒಂದೂ ಇಲ್ಲದಿದ್ದರೆ ಗ್ರಾಮ ಪಂಚಾಯಿತಿಗೋ ಪುರಸಭೆಗೋ ಲಿಖಿತವಾಗಿ ಕೇಳಿ.

ಯಾವುದೇ ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಿರಿ. ಮೆಣಸಿನಪುಡಿ, ಸುಣ್ಣ ಹಚ್ಚಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅತಿ ಅಪರೂಪ.

ಇನ್ನೊಮ್ಮೆ ‘ಮುದ್ದಾದ ಮರಿಗಳಿವೆ, ಯಾರಿಗಾದರೂ ಬೇಕೆ?’ ಎಂಬ ಫೋಟೊ ಗ್ರೂಪಿಗೆ ಬಂದರೆ ಹಂಚಿ, ಒಳ್ಳೆಯದೇ. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿ: ತಾಯಿಗೆ ಆಪರೇಷನ್ ಯಾವಾಗ?