ಕಪಾಟಿನಲ್ಲಿ ಉಳಿದ ಅಂಗಿ

ಶಾಲೆ ಆರಂಭವಾಗುವ ಹೊತ್ತಿಗೆ ಶಿರಗುಪ್ಪಿಯಂಥ ಊರುಗಳ ಪಾಲಕರು ಸಮವಸ್ತ್ರಕ್ಕಾಗಿ ಹುಬ್ಬಳ್ಳಿ ಪೇಟೆಗೆ ಹೋಗುತ್ತಾರೆ. ಚಾಲಕರ ಖಾಕಿ, ಕಾರ್ಖಾನೆ ಕೆಲಸಗಾರರ ನೀಲಿ ಉಡುಪುಗಳೂ ಪೇಟೆಯಲ್ಲಿ ಸಿಗುತ್ತವೆ. ಅಂಗಡಿಯ ಗದ್ದಲ ಕಂಡವರಿಗೆ ಈ ವ್ಯಾಪಾರಕ್ಕೆ ಸೋಲಿಲ್ಲ ಎನಿಸುವುದು ಸಹಜ. ಕೆಲಸ ಇರುವ ತನಕ ಕೆಲಸದ ಉಡುಪು ಬೇಕೇ ಬೇಕಲ್ಲ! ಹಾಗಾದರೆ ಇಂಥ ಕಂಪನಿಯ ಷೇರು ಕೊಂಡು ಮಗಳ ಕಾಲೇಜು ಶುಲ್ಕ ಗಳಿಸಬಹುದೇ?

ಉತ್ತರಕ್ಕೆ ಮೊದಲು ಒಂದು ಸಣ್ಣ ಲೆಕ್ಕ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಲಿ. ವ್ಯಾಪಾರಿಯೊಬ್ಬ 300 ರೂಪಾಯಿಯಂತೆ 100 ಅಂಗಿ ತಂದ. ಖರ್ಚು 30,000. ಪ್ರತಿ ಅಂಗಿಗೆ 400ರಂತೆ 80 ಮಾರಿದ. ಬಂದದ್ದು 32,000. ಪುಸ್ತಕದ ಪ್ರಕಾರ ಲಾಭ 8,000. ಆದರೆ ಕೈಯಲ್ಲಿ ಹೆಚ್ಚಾದ ಹಣ ಕೇವಲ 2,000. ಉಳಿದ 6,000 ರೂಪಾಯಿ 20 ಅಂಗಿಗಳ ರೂಪದಲ್ಲಿ ಕಪಾಟಿನಲ್ಲಿದೆ. ಬಾಡಿಗೆ, ಸಂಬಳ, ಬಡ್ಡಿಯನ್ನು ಅಂಗಿಯಲ್ಲಿ ಕೊಡಲಾಗದು. ಖಾಕಿಗೆ ಫ್ಯಾಷನ್ನಿನ ಹಂಗಿಲ್ಲ, ಬರುವ ವರ್ಷವೂ ಮಾರಾಟವಾದೀತು. ಆದರೆ ಶಾಲೆಯೋ ಕಾರ್ಖಾನೆಯೋ ಬಣ್ಣ ಬದಲಿಸಿದರೆ ಉಳಿದ ದಾಸ್ತಾನಿಗೆ ಗಿರಾಕಿಯೇ ಇಲ್ಲ.

ಇನ್ನು ಅಂಗಡಿಯಿಂದ ಹೊಲಿಯುವ ಕಾರ್ಖಾನೆಯತ್ತ ನೋಡೋಣ. ಬೆಂಗಳೂರಿನ ಗೋಕಲದಾಸ್ ಎಕ್ಸ್‌ಪೋರ್ಟ್ಸ್ ವಿದೇಶಿ ಕಂಪನಿಗಳಿಗೆ ಸಿದ್ಧ ಉಡುಪು ಹೊಲಿದು ಕೊಡುವ ದೊಡ್ಡ ಸಂಸ್ಥೆ. ಅದರ ಷೇರುಗಳು 2005ರಲ್ಲಿ ಪೇಟೆಗೆ ಬಂದವು. 2007ರಲ್ಲಿ ಅಮೆರಿಕದ ಹೆಸರಾಂತ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ಸ್ಟೋನ್ ಷೇರಿಗೆ 275 ರೂಪಾಯಿಯಂತೆ ಕೊಟ್ಟು ಕಂಪನಿಯ ಹಿಡಿತ ಪಡೆಯಿತು. ಮರುವರ್ಷವೇ ಜಾಗತಿಕ ಆರ್ಥಿಕ ಹಿಂಜರಿತ ಬಂತು. ಮುಂದಿನ ವರ್ಷಗಳಲ್ಲಿ ಕಂಪನಿ ನಷ್ಟ ಕಂಡಿತು. 2017ರಲ್ಲಿ ಬ್ಲ್ಯಾಕ್‌ಸ್ಟೋನ್ ತನ್ನ ಪಾಲನ್ನು ಮಾರಿದ್ದು ಷೇರಿಗೆ ಸುಮಾರು 42 ರೂಪಾಯಿಗೆ. ಅಂದರೆ 1,000 ರೂಪಾಯಿ ಹತ್ತು ವರ್ಷದಲ್ಲಿ 153 ಆಯಿತು!

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಹೊಸ ಆಡಳಿತದಲ್ಲಿ ಕಂಪನಿ ಲಾಭಕ್ಕೆ ಮರಳಿತು. 2024ರ ಕೊನೆಗೆ ಷೇರಿನ ಬೆಲೆ 1,000 ರೂಪಾಯಿ ದಾಟಿತು. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ ಅಲ್ಲಿಗೆ ಉಡುಪು ಕಳಿಸುವವರೆಲ್ಲ ಮತ್ತೆ ಚಿಂತೆಗೆ ಬಿದ್ದರು. ಈ ಏರಿಳಿತದ ಉದ್ದಕ್ಕೂ ಜನ ಬಟ್ಟೆ ತೊಡುವುದನ್ನು ಬಿಟ್ಟಿರಲಿಲ್ಲ ಎಂಬುದನ್ನು ಗಮನಿಸಬೇಕು. ಉಡುಪಿಗೆ ಬೇಡಿಕೆ ಇರುವುದು ಬೇರೆ, ಹೂಡಿದವನಿಗೆ ಲಾಭ ಸಿಗುವುದು ಬೇರೆ. ಹತ್ತಿ ಬೆಳೆಯುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆ ಚೆನ್ನಾಗಿ ಬಂದ ವರ್ಷವೇ ದರ ಕುಸಿದದ್ದನ್ನು ಆತ ಕಂಡಿದ್ದಾನೆ.

ಆದ್ದರಿಂದ ಷೇರು ಕೊಳ್ಳುವ ಮುನ್ನ ಕಂಪನಿಯ ವಾರ್ಷಿಕ ವರದಿಯಲ್ಲಿ ನಾಲ್ಕು ಸಂಗತಿ ನೋಡಬೇಕು. ಮಾರಾಟಕ್ಕಿಂತ ದಾಸ್ತಾನು ವೇಗವಾಗಿ ಬೆಳೆಯುತ್ತಿದೆಯೇ? ಲಾಭ ನಗದಾಗಿ ಕೈಸೇರುತ್ತಿದೆಯೇ? ಸಾಲ ಎಷ್ಟು? ಒಬ್ಬಿಬ್ಬರು ಗಿರಾಕಿಗಳನ್ನೇ ನೆಚ್ಚಿಕೊಂಡಿದೆಯೇ? ಎಸ್ಸೆಸ್ಸೆಲ್ಸಿ ಓದುವ ಮಕ್ಕಳೂ ಪಾಲಕರ ಜೊತೆ ಕುಳಿತು ಮೂರು ವರ್ಷದ ಅಂಕಿಗಳನ್ನು ಆಲೇಖ ಕಾಗದದ ಮೇಲೆ ಗುರುತಿಸಬಹುದು.

ಉತ್ತರ ಚೆನ್ನಾಗಿದ್ದರೂ ಒಂದು ಎಚ್ಚರ ಬೇಕು. ಬ್ಲ್ಯಾಕ್‌ಸ್ಟೋನ್‌ಗೆ ಆ ನಷ್ಟ ತಾಳಿಕೊಳ್ಳುವ ಶಕ್ತಿಯಿತ್ತು. ಎರಡು ವರ್ಷಗಳಲ್ಲಿ ಕಾಲೇಜಿಗೆ ಕಟ್ಟಬೇಕಾದ ಹಣಕ್ಕೆ ಆ ಶಕ್ತಿಯಿಲ್ಲ. ಅದು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇರಲಿ.