ಚಿನ್ನ ಊರು ಬಿಟ್ಟಿತು, ಧೂಳು ಉಳಿಯಿತು

ಗಾಳಿ ಬಲವಾಗಿ ಬೀಸತೊಡಗಿದರೆ ಕೆ.ಜಿ.ಎಫ್.ನ ತಾಯಂದಿರು ಮೊದಲು ಕಿಟಕಿಗಳನ್ನು ಮುಚ್ಚುತ್ತಾರೆ. ಊರನ್ನು ಸುತ್ತುವರಿದಿರುವ ಸೈನೈಡ್ ದಿಬ್ಬಗಳಿಂದ ಎದ್ದ ನುಣ್ಣನೆಯ ಧೂಳು ನೀರಿನ ಕೊಡಕ್ಕೂ ಮಕ್ಕಳ ಉಸಿರಿಗೂ ಇಳಿಯುತ್ತದೆ. ಸೈನೈಡ್ ಬಳಸಿ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಅದಿರಿನ ಪುಡಿ ಅದು. ಒಟ್ಟು ಮೂರು ಕೋಟಿ ಟನ್ನಿಗೂ ಮಿಕ್ಕಿದ ಈ ರಾಶಿಯ ಭವಿಷ್ಯವನ್ನು ನಿರ್ಧರಿಸುವ ಸಂಗತಿಗಳಾದರೋ ಕೆ.ಜಿ.ಎಫ್.ನಲ್ಲಿಲ್ಲ. ಲಂಡನ್ ಮಾರುಕಟ್ಟೆಯ ದರ, ದೂರದ ಯುದ್ಧಗಳು, ಕೇಂದ್ರ ಬ್ಯಾಂಕುಗಳ ಆತಂಕ ಇವೇ ಅದನ್ನು ನಿರ್ಧರಿಸುತ್ತವೆ. ಜಗತ್ತಿನ ಅಪಾಯಗಳು ಒಂದಕ್ಕೊಂದು ಹೆಣೆದುಕೊಂಡಿವೆ ಎಂದು ವಿಶ್ವಸಂಸ್ಥೆಯಲ್ಲಿ ಭಾಷಣಗಳಾಗುತ್ತಿವೆ. ಆ ಪಾಠ ಕಲಿಯಲು ಇಲ್ಲಿನ ಜನರು ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ.

1880ರಲ್ಲಿ ಜಾನ್ ಟೇಲರ್ ಕಂಪೆನಿ ಇಲ್ಲಿ ಕಾಲಿಟ್ಟಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದು ಬಂದದ್ದು ಈ ಗಣಿಗಳಿಗೆ. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಈ ನೆಲದಿಂದ ಹೊರಹೋಯಿತು. ಅದಿರಿನಲ್ಲಿ ಚಿನ್ನದ ಅಂಶ ಕುಗ್ಗಿತು, ಗಣಿಯ ಆಳ ಮೂರು ಕಿಲೋಮೀಟರ್ ಮೀರಿತು, ಜಾಗತಿಕ ಬೆಲೆ ಔನ್ಸಿಗೆ 300 ಡಾಲರಿಗಿಂತ ಕೆಳಗಿಳಿಯಿತು. 2001ರ ಫೆಬ್ರವರಿ 28ರಂದು ಗಣಿಗೆ ಬೀಗ ಬಿತ್ತು. ಅಂದಿನಿಂದ ಸಾವಿರಾರು ಕುಟುಂಬಗಳ ಅನ್ನದ ದಾರಿಯೆಂದರೆ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುವ ರೈಲು. 2020ರ ಮಾರ್ಚಿನಲ್ಲಿ, ಎಲ್ಲೋ ಹುಟ್ಟಿದ ಸೋಂಕಿನಿಂದಾಗಿ ಆ ರೈಲೂ ನಿಂತಿತು. ದುಡಿಯುವವನ ತಪ್ಪೇನೂ ಇರಲಿಲ್ಲ. ಒಲೆ ಮಾತ್ರ ಅವನ ಮನೆಯದೇ ಆರಿತು.

ಇದೀಗ ಕಾಲ ತಿರುಗಿದೆ. 2025ರ ಅಕ್ಟೋಬರಿನಲ್ಲಿ ಚಿನ್ನದ ಬೆಲೆ ಔನ್ಸಿಗೆ 4,000 ಡಾಲರನ್ನು ದಾಟಿತು. ಕಸವೆಂದು ಬಿಟ್ಟುಹೋದ ದಿಬ್ಬಗಳ ಮೇಲೂ ಮತ್ತೆ ಕಣ್ಣು ಬಿದ್ದಿದೆ. ಸುಮಾರು ಒಂದು ಸಾವಿರ ಎಕರೆಯಲ್ಲಿ ಹರಡಿರುವ 13 ದಿಬ್ಬಗಳಿಂದ ಉಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಉದ್ಯೋಗ ಬರುವುದಾದರೆ ನಾವು ಸ್ವಾಗತಿಸುತ್ತೇವೆ. ಆದರೆ ದಿಬ್ಬವನ್ನು ಅಗೆಯುವಾಗ ಏಳುವ ಧೂಳಿನ ಲೆಕ್ಕ ಯಾರ ಪುಸ್ತಕದಲ್ಲಿ ಬರೆಯಲ್ಪಡುತ್ತದೆ?

ಈ ಪ್ರಶ್ನೆ ಉತ್ಪ್ರೇಕ್ಷೆಯಲ್ಲ. 2000ದ ಜನವರಿಯಲ್ಲಿ ರೊಮೇನಿಯಾದ ಬಾಯಾ ಮಾರೆಯಲ್ಲಿ ಇಂತಹದೇ ಗಣಿತ್ಯಾಜ್ಯದ ಕಟ್ಟೆಯೊಡೆದು ಸೈನೈಡ್ ಮಿಶ್ರಿತ ನೀರು ಹಂಗೇರಿಯ ನದಿಗಳನ್ನು ಸೇರಿತು. ನದಿಗೆ ಗಡಿಯ ಪಾಸ್‌ಪೋರ್ಟ್ ಬೇಕಿರಲಿಲ್ಲ. 2019ರ ಜನವರಿಯಲ್ಲಿ ಬ್ರೆಜಿಲಿನ ಬ್ರುಮಾಡಿನ್ಯೊದಲ್ಲಿ ಕಬ್ಬಿಣದ ಗಣಿಯ ತ್ಯಾಜ್ಯದ ಕಟ್ಟೆ ಕುಸಿದು 270 ಮಂದಿ ಸತ್ತರು. ಅದರ ನಂತರ, 2020ರಲ್ಲಿ, ಗಣಿತ್ಯಾಜ್ಯ ನಿರ್ವಹಣೆಗೆ ಜಾಗತಿಕ ಮಾನದಂಡ ಬಂತು. ಅದೂ ಕಂಪೆನಿಗಳು ಸ್ವ ಇಚ್ಛೆಯಿಂದ ಒಪ್ಪಿಕೊಳ್ಳಬೇಕಾದದ್ದು. ಹೆಣಗಳು ಬಿದ್ದ ಮೇಲೆ ನಿಯಮ, ಆ ನಿಯಮವೂ ಬಲಿಷ್ಠರ ಮರ್ಜಿಗೆ! ಕೊರೋನಾ ಲಸಿಕೆಯ ಪೇಟೆಂಟನ್ನು ತಾತ್ಕಾಲಿಕವಾಗಿ ಸಡಿಲಿಸಬೇಕೆಂದು ಭಾರತ ಮತ್ತು ದಕ್ಷಿಣ ಆಫ್ರಿಕಾ 2020ರ ಅಕ್ಟೋಬರಿನಲ್ಲಿ ಕೇಳಿದಾಗಲೂ ಶ್ರೀಮಂತ ರಾಷ್ಟ್ರಗಳು 2022ರ ಜೂನ್ ತನಕ ಎಳೆದಾಡಿ ಅರೆಮನಸ್ಸಿನ ನಿರ್ಣಯಕ್ಕೆ ಬಂದವು.

ನ್ಯಾಯವೇ ಬೇರೆ, ದಕ್ಷತೆಯೇ ಬೇರೆ ಎಂದು ವಾದಿಸುವವರಿದ್ದಾರೆ. ಎಲ್ಲರನ್ನೂ ಕೇಳುತ್ತ ಕುಳಿತರೆ ಕೆಲಸವಾಗದು ಎನ್ನುತ್ತಾರೆ. ಕೆ.ಜಿ.ಎಫ್.ನ ಚರಿತ್ರೆ ಇದಕ್ಕೆ ವಿರುದ್ಧವಾದ ಸಾಕ್ಷ್ಯವನ್ನು ನುಡಿಯುತ್ತದೆ. ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಭಾರತದಲ್ಲಿ ಮೊದಲು ದಾಖಲಾದದ್ದು ಇಲ್ಲಿಯೇ, 1934ರಲ್ಲಿ. ಅಂದರೆ ಗಣಿ ತೆರೆದು ಅರ್ಧ ಶತಮಾನ ಕಳೆದ ಮೇಲೆ. 1940ರ ದಶಕದಲ್ಲಿ ತಪಾಸಣೆ ನಡೆಸಿದಾಗ, ಪರೀಕ್ಷೆಗೊಳಗಾದ ಕಾರ್ಮಿಕರಲ್ಲಿ ಪ್ರತಿ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿಗೆ ಆ ಕಾಯಿಲೆಯಿತ್ತು. ಕೆಮ್ಮುವವನಿಗೆ ತನ್ನ ಕೆಮ್ಮು ಮೊದಲೇ ತಿಳಿದಿರುತ್ತದೆ. ವರದಿಗೆ ತಡವಾಗಿ ತಿಳಿಯುತ್ತದೆ. ಅಪಾಯವನ್ನು ಹೊರುವವನ ಮಾತನ್ನು ಕೇಳುವುದು ಔದಾರ್ಯವಲ್ಲ, ಅಪಾಯವನ್ನು ಹೊತ್ತಿಗೆ ಮೊದಲೇ ಅರಿಯುವ ಏಕೈಕ ಉಪಾಯ. ಇದು ಕೆ.ಜಿ.ಎಫ್.ಗೆ ಎಷ್ಟು ಸತ್ಯವೋ ಜಗತ್ತಿಗೂ ಅಷ್ಟೇ ಸತ್ಯ.

ಕಾನೂನಿನ ಕೊರತೆ ನಮ್ಮಲ್ಲಿಲ್ಲ. ಬೇತಮಂಗಲದ ಬಳಿ ಕೆ.ಜಿ.ಎಫ್.ಗೆ ನೀರುಣಿಸಿದ ಪಾಲಾರ್ ನದಿಯೇ ಮುಂದೆ ತಮಿಳುನಾಡಿನ ವಾಣಿಯಂಬಾಡಿ, ಆಂಬೂರುಗಳನ್ನು ಹಾಯುತ್ತದೆ. ಅಲ್ಲಿನ ಚರ್ಮ ಹದಮಾಡುವ ಕಾರ್ಖಾನೆಗಳು ನದಿಯನ್ನು ಕೆಡಿಸಿದಾಗ 1996ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ತೀರ್ಪು ನೀಡಿತು. ಕೆಡಿಸಿದವನೇ ನಷ್ಟ ಭರಿಸಬೇಕು, ಮುನ್ನೆಚ್ಚರಿಕೆ ಮೊದಲಾಗಬೇಕು ಎಂಬ ತತ್ವಗಳು ಈ ದೇಶದ ಕಾನೂನೇ ಆಗಿವೆ ಎಂದಿತು. ಆ ಕಾರ್ಖಾನೆಗಳಲ್ಲಿ ನಮ್ಮ ಸಮುದಾಯದವರದೂ ಅನೇಕವಿದ್ದವು ಎಂಬುದನ್ನು ನಾವು ಮರೆಮಾಚಬಾರದು. ಅಂದು ನಮಗೆ ಅನ್ವಯಿಸಿದ ತತ್ವ ಇಂದು ಸರಕಾರಕ್ಕೂ ಗುತ್ತಿಗೆದಾರನಿಗೂ ಅನ್ವಯಿಸಲಿ.

ಆದ್ದರಿಂದ ನಮ್ಮ ಬೇಡಿಕೆ ಸರಳವಾದುದು. 2006ರ ಪರಿಸರ ಅಧಿಸೂಚನೆಯಲ್ಲಿರುವ ಸಾರ್ವಜನಿಕ ಅಹವಾಲು ಸಭೆ ದಿಬ್ಬಗಳ ನೆರಳಿನಲ್ಲೇ, ಜನರಾಡುವ ಕನ್ನಡ, ತಮಿಳು, ತೆಲುಗು, ಉರ್ದುಗಳಲ್ಲಿ ನಡೆಯಲಿ. ಗಾಳಿ ಮತ್ತು ನೀರಿನ ಪರೀಕ್ಷೆಯ ಅಂಕಿಗಳನ್ನು ಎಲ್ಲರೂ ಓದುವಂತೆ ಊರಲ್ಲೇ ಪ್ರಕಟಿಸಲಿ. 2015ರ ತಿದ್ದುಪಡಿಯಂತೆ ರಚಿತವಾದ ಜಿಲ್ಲಾ ಖನಿಜ ನಿಧಿಯ ಹಣ ಮೊದಲು ಧೂಳು ಕುಡಿದವರ ಚಿಕಿತ್ಸೆಗೆ ಸಲ್ಲಲಿ.

ಓದುಗರಲ್ಲಿಯೂ ಒಂದು ಮಾತು. ಮದುವೆಯ ಮಾತುಕತೆಯಲ್ಲಿ ಎಷ್ಟು ತೊಲ ಎಂದು ಚೌಕಾಸಿ ಮಾಡುವ ನಾವೂ ಈ ಸರಪಳಿಯ ಒಂದು ಕೊಂಡಿಯೇ. ಅಹವಾಲು ಸಭೆ ಕರೆದ ದಿನ ನಮ್ಮ ಮೊಹಲ್ಲಾ ಸಮಿತಿಗಳು ನೆರೆಯವರೊಡನೆ ಕೂಡಿ ಅಲ್ಲಿ ಹಾಜರಿರಲಿ. ಗಾಳಿ ಬೀಸುವಾಗ ಅದು ಯಾರ ಮನೆಯ ಕಿಟಕಿಯೆಂದು ನೋಡುವುದಿಲ್ಲ. ನಾವೂ ನೋಡಬಾರದು.