ಕೀಕ್ಯಾಡ್ ಕಷ್ಟ, ಸರಿ. ಆಮೇಲೆ?

ಎಂಜಿನಿಯರಿಂಗ್ ಓದುವಾಗ ಕೀಕ್ಯಾಡ್ ತೆರೆದು ರೆಸಿಸ್ಟರ್ ಮೇಲೆ ಕ್ಲಿಕ್ ಮಾಡಿದೆ. ಸೆಲೆಕ್ಟೇ ಆಗಲಿಲ್ಲ. ನನ್ನ ತಲೆಗೇ ಹತ್ತುತ್ತಿಲ್ಲ ಅಂದುಕೊಂಡೆ. ತಪ್ಪು ನನ್ನದಲ್ಲ, ಆಗ ಕರ್ಸರನ್ನು ಅದರ ಮೇಲಿಟ್ಟು ‘ಎಂ’ ಒತ್ತಬೇಕಿತ್ತು.

1992ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈ ಮುಕ್ತ ತಂತ್ರಾಂಶಕ್ಕೆ ಆಮೇಲೆ ಸರ್ನ್ ಕೈಜೋಡಿಸಿತು. 2021ರ ಡಿಸೆಂಬರ್‌ನಲ್ಲಿ ಬಂದ 6ನೇ ಆವೃತ್ತಿಯಲ್ಲಿ ಕ್ಲಿಕ್ ಮಾಡಿದರೆ ಸೆಲೆಕ್ಟ್ ಆಗುತ್ತೆ. ‘ಕಷ್ಟ’ ಅನ್ನೋ ಹೆಸರು ಮಾತ್ರ ಹೋಗಿಲ್ಲ.

ಸುಲಭ ಅಂತ ಕಲಿತವರ ಕಥೆ ಏನಾಯ್ತು? ಆಟೋಡೆಸ್ಕ್ ತನ್ನ ಈಗಲ್‌ಗೆ 2026ರ ಜೂನ್ 7ರ ಗಡುವು ಹಾಕಿತು. ಕಲಿಕೆಯ ಕಷ್ಟ ಒಂದೇ ಸಲದ್ದು, ಲೈಸೆನ್ಸ್ ಮಾತ್ರ ಬಾಡಿಗೆ ಮನೆ.

ಐಐಟಿ ಬಾಂಬೆಯ ‘ಈಸಿಮ್’ ನಿಂತಿರೋದೂ ಕೀಕ್ಯಾಡ್ ಮೇಲೆಯೇ. ನಮ್ಮ ಕಾಲೇಜುಗಳು ಲೈಸೆನ್ಸಿಗೆ ಸುರಿಯೋ ದುಡ್ಡಲ್ಲಿ ಒಂದು ಪಾಲನ್ನು ಕನ್ನಡದ ಕೈಪಿಡಿಗೆ ಕೊಟ್ಟರೆ, ಆ ಕಷ್ಟವೂ ಅರ್ಧ ಇಳಿಯುತ್ತೆ. ಕೇಳಬೇಕಾದವರು ನಾವು.